ಮೂನ್ ಸ್ನೇಲ್: ಚಿಪ್ಪು ಕೊರೆಯುವ ಚುಕ್ಕೆ ಬಸವನಹುಳು

ಮಲ್ಪೆ, ಕಾಪು, ಸೋಮೇಶ್ವರ, ಯಾವ ಬೀಚಿಗೆ ಹೋದರೂ ಸರಿ, ದಡದಲ್ಲಿ ಬಿದ್ದ, ಮರುವಾಯಿಯಂಥ (ಎರಡು ಹೋಳಿನ ಚಿಪ್ಪಿನ ಜೀವಿ) ಚಿಪ್ಪುಗಳನ್ನು ಒಂದಷ್ಟು ಹೆಕ್ಕಿ ನೋಡಿ. ಕೆಲವುದರಲ್ಲಿ ಸಣ್ಣದೊಂದು ದುಂಡಗಿನ ತೂತು ಇರುತ್ತದೆ. ಮಕ್ಕಳು ಅದಕ್ಕೆ ದಾರ ಪೋಣಿಸಿ ಸರ ಮಾಡುತ್ತಾರೆ. ಕಲ್ಲಿಗೆ ಬಡಿದು, ಅಲೆಗೆ ಸವೆದು ತೂತಾಗಿರಬೇಕು ಅಂತ ದೊಡ್ಡವರು ಸುಮ್ನೆ ಹೇಳಿಬಿಡುತ್ತಾರೆ. ಅಲೆಗೆ ಸವೆದರೆ ಅಷ್ಟು ಅಚ್ಚುಕಟ್ಟಾದ ವೃತ್ತ ಬರುವುದಿಲ್ಲ. ಒಳಗಿದ್ದ ಜೀವವನ್ನು ಯಾರೋ ತಿಂದು ಹೋದ ಗುರುತು ಅದು. ತಿಂದದ್ದು ಹೆಚ್ಚಾಗಿ ಮೂನ್ ಸ್ನೇಲ್.

ನ್ಯಾಟಿಸಿಡೇ ಎಂಬ ಕುಟುಂಬದ ಸಮುದ್ರ ಬಸವನಹುಳುಗಳಿಗೆಲ್ಲ ಒಟ್ಟಿಗೆ ಇರುವ ಹೆಸರು ಮೂನ್ ಸ್ನೇಲ್. ಚಿಪ್ಪು ಗುಂಡಗೆ, ನುಣ್ಣಗೆ ಇರುವುದರಿಂದ ಚಂದ್ರನ ಹೆಸರು. ಭಾರತದ ಕಡಲತೀರದಲ್ಲಿ ಸಿಗುವ ಇವುಗಳಲ್ಲಿ ನನಗೆ ಬಹಳ ಚಂದ ಕಾಣುವುದು ನ್ಯಾಟಿಕಾ ಟೈಗ್ರಿನಾ. 1798ರಲ್ಲಿ ರೋಡಿಂಗ್ ಎಂಬವರು ಇದಕ್ಕೆ ಟೈಗ್ರಿನಾ ಅಂತ ಹೆಸರಿಟ್ಟರು. ಈಗಿನ ಪಟ್ಟಿಗಳಲ್ಲಿ ಪ್ಯಾರಾಟೆಕ್ಟೊನ್ಯಾಟಿಕಾ ಟೈಗ್ರಿನಾ ಅಂತ ಬರೆಯುತ್ತಾರೆ. ಹೆಸರಿನಲ್ಲಿ ಹುಲಿ ಇದೆ, ಮೈಮೇಲೆ ಪಟ್ಟೆ ಇಲ್ಲ. ಕೆನೆ ಬಣ್ಣದ ಚಿಪ್ಪಿನ ತುಂಬ ಒತ್ತಾಗಿ ಕಂದು ಚುಕ್ಕೆಗಳು. ನವರಾತ್ರಿಯ ಹುಲಿವೇಷದಲ್ಲಿ ಪಟ್ಟೆ ಹುಲಿ, ಮೈತುಂಬ ಚುಕ್ಕೆಯ ಚಿಟ್ಟೆ ಹುಲಿ ಅಂತ ಇರುತ್ತವಲ್ವಾ, ಇದು ಚಿಟ್ಟೆ ಹುಲಿ. ಗಾತ್ರ ಎರಡು ಮೂರು ಸೆಂಟಿಮೀಟರ್ ಅಷ್ಟೇ.

ಮರಳಿನೊಳಗೇ ಇದರ ಬದುಕು. ಚಿಪ್ಪು ಸಣ್ಣದಾದರೂ ಪಾದ ದೊಡ್ಡದು. ಆ ಪಾದದಿಂದ ಮರಳು ಸರಿಸುತ್ತಾ ಒಳಗೊಳಗೇ ಹೋಗಿ, ಸಿಕ್ಕಿದ ಚಿಪ್ಪುಜೀವಿಯನ್ನು ಸುತ್ತಿ ಹಿಡಿದುಕೊಳ್ಳುತ್ತದೆ. ಹಿಡಿದ ಮೇಲೆ ತಿನ್ನುವುದೇ ಕಷ್ಟದ ಕೆಲಸ. ಬಾಯಿ ಮುಚ್ಚಿಕೊಂಡ ಮರುವಾಯಿ ಎಷ್ಟು ಬಿಗಿ ಅಂತ ಮನೆಯಲ್ಲಿ ಅದರ ಸುಕ್ಕ ಅಡುಗೆ ಮಾಡುವವರನ್ನು ಕೇಳಿ. ಕತ್ತಿ ಬೇಕು, ಇಲ್ಲಾ ಬಿಸಿನೀರು ಬೇಕು. ಬಸವನಹುಳುವಿಗೆ ಎರಡೂ ಇಲ್ಲ. ಹಾಗಾಗಿ ಬಾಯಿಯ ತಂಟೆಗೇ ಹೋಗದೆ ಗೋಡೆಯನ್ನೇ ಕೊರೆಯುತ್ತದೆ.

ಅದರ ಸೊಂಡಿಲಿನ ತುದಿಯ ಕೆಳಗೆ ಒಂದು ಗ್ರಂಥಿ ಇದೆ. ಅದನ್ನು ಚಿಪ್ಪಿಗೆ ಒತ್ತಿ ಹಿಡಿದರೆ ಅದರಿಂದ ಒಸರುವ ರಸಕ್ಕೆ ಸುಣ್ಣದ ಅಂಶ ಮೆತ್ತಗಾಗುತ್ತದೆ. ಆಮೇಲೆ ಸಾಲು ಸಾಲು ಹಲ್ಲಿರುವ ನಾಲಿಗೆಯಿಂದ ಆ ಜಾಗವನ್ನು ಕೆರೆಯುತ್ತದೆ. ಮತ್ತೆ ರಸ, ಮತ್ತೆ ಕೆರೆತ. ಗಂಟೆಗಟ್ಟಲೆ ಇದೇ ಕೆಲಸ. ಚಿಪ್ಪು ದಪ್ಪ ಇದ್ದರೆ ದಿನಕ್ಕಿಂತ ಜಾಸ್ತಿ ಹೊತ್ತೂ ಹಿಡಿಯಬಹುದು. ತೂತಾದ ಕೂಡಲೇ ಸೊಂಡಿಲು ಒಳಗೆ ತೂರಿಸಿ ಮಾಂಸ ತಿನ್ನುತ್ತದೆ.

ಈಗ ಆ ತೂತನ್ನು ಹತ್ತಿರ ಹಿಡಿದು ನೋಡಿ. ಹೊರಗೆ ಅಗಲ, ಒಳಗೆ ಹೋಗ್ತಾ ಕಿರಿದು, ಅಂಚು ಇಳಿಜಾರು. ಇದು ಮೂನ್ ಸ್ನೇಲಿನ ಕೈಬರಹ. ಮ್ಯೂರಿಸಿಡೇ ಎಂಬ ಇನ್ನೊಂದು ಕುಟುಂಬದ ಬಸವನಹುಳುಗಳೂ ಚಿಪ್ಪು ಕೊರೆಯುತ್ತವೆ, ಆದರೆ ಅವುಗಳ ತೂತಿನ ಗೋಡೆ ಹೆಚ್ಚು ಕಡಿಮೆ ನೇರ. ಅಪರೂಪಕ್ಕೆ ಅರ್ಧಕ್ಕೇ ನಿಂತ ತೂತೂ ಸಿಗುತ್ತದೆ. ತೂತು ಅನ್ನುವುದಕ್ಕಿಂತ ಗುಳಿ ಅನ್ನಬೇಕು. ಅದರ ನಡುವೆ ಸಣ್ಣ ಉಬ್ಬು ಉಳಿದಿರುತ್ತದೆ. ನನಗೆ ಪೂರ್ತಿ ತೂತಿಗಿಂತ ಇದರ ಮೇಲೇ ಪ್ರೀತಿ ಜಾಸ್ತಿ. ಆ ಸಲ ಕೊರೆತ ಮುಗಿಯಲಿಲ್ಲ ಅಂತ ಚಿಪ್ಪೇ ಹೇಳುತ್ತದೆ.

ಮೂನ್ ಸ್ನೇಲ್‌ಗಳು ಮೂನ್ ಸ್ನೇಲ್‌ಗಳನ್ನೂ ಬಿಡುವುದಿಲ್ಲ. ಚುಕ್ಕೆಯ ಚಿಪ್ಪಿನ ಮೇಲೇ ಅಂಥದ್ದೇ ತೂತು ಕಂಡರೆ ಆಶ್ಚರ್ಯ ಬೇಡ. ಡೈನೋಸಾರ್‌ಗಳಿದ್ದ ಕ್ರಿಟೇಶಿಯಸ್ ಕಾಲದ ಕಲ್ಲಾದ ಚಿಪ್ಪುಗಳಲ್ಲೂ ಇದೇ ಬಗೆಯ ತೂತುಗಳಿವೆ. ಬೇಟೆಗೆ ಹೀಗೆ ಸಾಕ್ಷಿ ಉಳಿಯುವುದು ಕಡಿಮೆ. ಅದಕ್ಕೇ ಹಳೇ ಸಮುದ್ರದಲ್ಲಿ ಯಾರು ಯಾರನ್ನು ತಿನ್ನುತ್ತಿದ್ದರು ಅಂತ ತಿಳಿಯಲು ವಿಜ್ಞಾನಿಗಳು ಈ ತೂತುಗಳನ್ನು ಕೂತು ಎಣಿಸುತ್ತಾರೆ.

ಇನ್ನೊಂದು ಗುರುತು ಮೊಟ್ಟೆಯದು. ನೀರು ಇಳಿದಾಗ ಮರಳಿನ ಬಣ್ಣದ, ಅಂಗಿ ಕಾಲರಿನ ಆಕಾರದ ತೆಳು ಪಟ್ಟಿ ಬಿದ್ದಿರುತ್ತದೆ. ಹಳೇ ರಬ್ಬರ್ ತುಂಡು ಅಂತ ಕಾಲಲ್ಲಿ ಒದೆಯುವವರೇ ಹೆಚ್ಚು. ಅದು ಮರಳು ಮತ್ತು ಲೋಳೆ ಸೇರಿಸಿ ತಾಯಿ ಹುಳು ಮಾಡಿದ ಪಟ್ಟಿ, ಒಳಗೆ ಸಾವಿರಾರು ಮೊಟ್ಟೆ. ಒದ್ದೆಯಾಗಿ ಬಾಗುವಂತಿದ್ದರೆ ಮರಿಗಳು ಇನ್ನೂ ಒಳಗಿರಬಹುದು. ಮರಿ ಹೊರಬಂದ ಮೇಲೆ ತಾನಾಗಿಯೇ ಪುಡಿಯಾಗುತ್ತದೆ.

ದಡದಲ್ಲಿ ನಿಂತು ಕೈಯಲ್ಲಿ ಎಳೆಯುವ ಕೈರಂಪಣಿ ಬಲೆ ಎಳೆಯುವಲ್ಲಿ ಮೀನಿನ ಜೊತೆ ಬಂದ ಚಿಪ್ಪುಗಳನ್ನು ದಡದಲ್ಲೇ ಬಿಟ್ಟಿರುತ್ತಾರೆ. ಅಲ್ಲಿ ಚುಕ್ಕೆಯದ್ದು ಕಂಡರೆ ಮೊದಲು ಅದರ ಬಾಯಿ ನೋಡಿ. ಬಿಳಿಯ ಗಟ್ಟಿ ಮುಚ್ಚಳ ಇದ್ದರೆ ಹುಳು ಒಳಗೇ ಇದೆ. ಸಣ್ಣ ಕಾಲುಗಳು ಕಂಡರೆ ಅದು ಖಾಲಿ ಚಿಪ್ಪಿಗೆ ಬಂದು ಸೇರಿಕೊಂಡ ಸನ್ಯಾಸಿ ಏಡಿ. ಎರಡರಲ್ಲಿ ಯಾವುದಿದ್ದರೂ ನೀರಿಗೆ ಬಿಡಿ. ಏನೂ ಇಲ್ಲದಿದ್ದರೆ ಮನೆಗೆ ತರಬಹುದು.