ಓಟಿಜಿ ಬಾಗಿಲಿನ ಸ್ಪ್ರಿಂಗ್: ಮುರಿಯುವುದು ಕೊಕ್ಕೆಯಲ್ಲೇ ಯಾಕೆ?

ನಮ್ಮನೆ ಓಟಿಜಿ (ಕೇಕ್ ಬೇಯಿಸುವ ಕರೆಂಟ್ ಓವನ್) ಬಾಗಿಲು ಹೋದ ತಿಂಗಳು ಒಂದು ಕಡೆ ಜೋತುಬಿತ್ತು. ಮುಚ್ಚಿದರೂ ಮೇಲ್ಗಡೆ ಬೆರಳು ತೂರುವಷ್ಟು ಸಂದಿ. ಕೇಕ್ ಹಿಂದುಗಡೆ ಕಂದು, ಮುಂದುಗಡೆ ಹಸಿ ಹಸಿ. ಬಿಚ್ಚಿ ನೋಡಿದರೆ ಬಲಗಡೆಯ ಸ್ಪ್ರಿಂಗ್ ತುಂಡಾಗಿತ್ತು. ಸುತ್ತುಗಳೆಲ್ಲ ಹೊಸದರ ಹಾಗೇ ಇದ್ದವು, ತುದಿಯ ಕೊಕ್ಕೆ ಮಾತ್ರ ಇರಲಿಲ್ಲ.

ಇದು ಆಕಸ್ಮಿಕ ಅಲ್ಲ. ಸ್ಪ್ರಿಂಗ್ ಎಳೆದಾಗ ಸುತ್ತುಗಳೊಳಗಿನ ತಂತಿ ತಿರುಚಿಕೊಳ್ಳುತ್ತದೆ. ಆ ತಿರುಚು ಎಲ್ಲಾ ಸುತ್ತುಗಳಿಗೂ ಹಂಚಿಹೋಗುತ್ತದೆ. ಕೊಕ್ಕೆಯಲ್ಲಿ ಹಾಗಲ್ಲ, ಅಲ್ಲಿ ತಂತಿ ಬಾಗುತ್ತದೆ. ಅದರಲ್ಲೂ ಕೊಕ್ಕೆ ಶುರುವಾಗುವ ತಿರುವಿನಲ್ಲೇ ಒತ್ತಡ ಜಾಸ್ತಿ. ಬಾಗಿಲು ತೆಗೆದಾಗಲೆಲ್ಲ ಪೆಟ್ಟು ಅದೇ ಜಾಗಕ್ಕೆ.

ಇನ್ನೊಂದು ಕಾರಣ ಬಿಸಿ. ಮಾಮೂಲಿ ಕಾರ್ಬನ್ ಸ್ಟೀಲ್ ಸ್ಪ್ರಿಂಗ್ ಸುಮಾರು 120 ಡಿಗ್ರಿ ದಾಟಿದರೆ ನಿಧಾನಕ್ಕೆ ಬಿಗಿ ಕಳೆದುಕೊಳ್ಳುತ್ತದೆ. 302 ದರ್ಜೆಯ ಸ್ಟೇನ್‌ಲೆಸ್ ಸುಮಾರು 260ರವರೆಗೆ ತಡೆಯುತ್ತದೆ. ಹಾಗಾಗಿ ಹೊಸದು ತರುವುದಾದರೆ ಸ್ಟೇನ್‌ಲೆಸ್ಸೇ ಕೇಳಿ. ಅಂಗಡಿಯಲ್ಲಿ ಮ್ಯಾಗ್ನೆಟ್ ಹಿಡಿದು ಪರೀಕ್ಷೆ ಮಾಡುವುದು ಸುಮ್ನೆ. ತಂತಿ ಎಳೆಯುವಾಗಲೇ ಸ್ಟೇನ್‌ಲೆಸ್ಸಿಗೂ ಒಂಚೂರು ಅಂಟುವ ಗುಣ ಬಂದಿರುತ್ತದೆ.

ಮುರಿದ ತುಂಡನ್ನು ಜೊತೆಗೇ ಒಯ್ಯಿರಿ. ಉದ್ದಕ್ಕಿಂತ ಮೊದಲು ತಂತಿಯ ದಪ್ಪ ಅಳೆಯಿರಿ. ಸ್ಪ್ರಿಂಗಿನ ಸೂತ್ರ ಇದು: ಬಿಗಿ ತಂತಿ ದಪ್ಪದ ನಾಲ್ಕನೇ ಘಾತಕ್ಕೆ (ದಪ್ಪ × ದಪ್ಪ × ದಪ್ಪ × ದಪ್ಪ) ತಕ್ಕಂತೆ ಏರುತ್ತದೆ. 1 ಮಿ.ಮೀ. ಬದಲು 1.2 ಮಿ.ಮೀ. ತಂದರೆ, ಉಳಿದದ್ದೆಲ್ಲ ಒಂದೇ ಇದ್ದರೂ ಬಿಗಿ ಎರಡು ಪಟ್ಟು. ಆಗ ಬಾಗಿಲು ಪಟ್ ಅಂತ ಬಡಿದುಕೊಳ್ಳುತ್ತದೆ, ಅದರ ಗಾಜಿಗೂ ಅಪಾಯ.

ನಾನು ಹೊಸದು ತರಲಿಲ್ಲ. ನೋಸ್ ಪ್ಲೈಯರ್‌ನಲ್ಲಿ ಕೊನೆಯ ಸುತ್ತನ್ನು ಹಿಡಿದು ನೆಟ್ಟಗೆ ನಿಲ್ಲಿಸಿ ಹೊಸ ಕೊಕ್ಕೆ ಮಾಡಿದೆ. ತಿರುವು ಚೂಪಾಗದಂತೆ, ದುಂಡಗೆ ಬಾಗಿಸಬೇಕು. ಸುತ್ತು ಕಮ್ಮಿಯಾದರೆ ಸ್ಪ್ರಿಂಗ್ ಗಡುಸಾಗುತ್ತದೆ, ಆದರೆ 30ರಲ್ಲಿ ಒಂದೋ ಎರಡೋ ಹೋದರೆ ಕೈಗೆ ಗೊತ್ತಾಗುವುದೇ ಇಲ್ಲ. ಬಾಗಿಸಲು ಸುಲಭ ಅಂತ ಗ್ಯಾಸ್ ಮೇಲೆ ಕಾಯಿಸಬೇಡಿ. ಕೆಂಪಗೆ ಕಾದರೆ ಅದು ಸ್ಪ್ರಿಂಗ್ ಆಗಿ ಉಳಿಯುವುದಿಲ್ಲ, ಬರೀ ತಂತಿ.

ಬಿಚ್ಚುವ ಮೊದಲು ಪ್ಲಗ್ ಕಿತ್ತು, ಪೂರ್ತಿ ತಣ್ಣಗಾಗಲು ಬಿಡಿ. ಪಕ್ಕದ ತಗಡಿನ ಅಂಚು ಬ್ಲೇಡಿನ ಹಾಗಿರುತ್ತದೆ, ಗ್ಲೌಸ್ ಹಾಕಿಕೊಳ್ಳಿ. (ಮೈಕ್ರೋವೇವ್ ಒಳಗೆ ಮಾತ್ರ ಕೈ ಹಾಕಬೇಡಿ. ಕರೆಂಟ್ ಹಿಡಿದಿಡುವ ಅದರ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಶಾಕ್ ಹೊಡೆಯಬಹುದು.) ಮುಟ್ಟುವ ಮೊದಲು ಇನ್ನೊಂದು ಪಕ್ಕದ ಸ್ಪ್ರಿಂಗ್ ಹೇಗೆ ಕೂತಿದೆ ಅಂತ ಒಂದು ಫೋಟೋ ತೆಗೆಯಿರಿ.

ಜೋಡಿಸುವಾಗ ಪ್ಲೈಯರ್‌ನಲ್ಲಿ ಎಳೆದರೆ ಸ್ಪ್ರಿಂಗ್ ಜಾರಿ ಮುಖಕ್ಕೆ ಹಾರುತ್ತದೆ. ನನಗೆ ಎರಡು ಸಲ ಹಾರಿತು, ಕನ್ನಡಕ ಇದ್ದದ್ದಕ್ಕೆ ಬಚಾವು. ಆಮೇಲೆ ಗಟ್ಟಿ ದಾರವನ್ನು ಕೊಕ್ಕೆಗೆ ಮಡಿಸಿ ಹಾಕಿ ಎಳೆದೆ. ಕೊಕ್ಕೆ ಚೌಕಟ್ಟಿನ ತೂತಿಗೆ ಕೂತ ಮೇಲೆ ದಾರದ ಒಂದೇ ತುದಿ ಹಿಡಿದು ಜಗ್ಗಿದರೆ ಅದು ಹೊರಗೆ ಬರುತ್ತದೆ.

ತಗಡು ಮುಚ್ಚುವ ಮೊದಲು ಬಾಗಿಲನ್ನು ಹತ್ತು ಸಲ ತೆಗೆದು ಹಾಕಿ, ಸ್ಪ್ರಿಂಗ್ ಯಾವ ವೈರಿಗೂ ಉಜ್ಜುತ್ತಿಲ್ಲ ತಾನೇ ಅಂತ ನೋಡಿ. ಹಸಿರು ಅರ್ಥ್ ವೈರಿನ ಸ್ಕ್ರೂ ಬಿಚ್ಚಿದ್ದರೆ ಅದನ್ನೇ ಮೊದಲು ಬಿಗಿ ಮಾಡಿ.