ಗಿಣ್ಣು ಹಾಲು: ಹೆರಿಗೆಗೆ ಮೊದಲೇ ಸಿದ್ಧವಾಗುವ ಹಾಲು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಮನೆಗಳಲ್ಲಿ ಆಕಳು ಕರು ಹಾಕಿದ ಮೊದಲ ಕೆಲವು ದಿನಗಳ ದಪ್ಪನೆಯ ಹಳದಿ ಹಾಲಿಗೆ ‘ಗಿಣ್ಣು’ ಎನ್ನುತ್ತಾರೆ. ಕರು ಕುಡಿದು ಮಿಕ್ಕಿದ್ದಕ್ಕೆ ಬೆಲ್ಲ, ಏಲಕ್ಕಿ ಸೇರಿಸಿ ಹಬೆಯಲ್ಲಿ ಬೇಯಿಸಿದರೆ ಅದು ಹೆಪ್ಪು ಹಾಕದೆಯೇ ಗಟ್ಟಿಯಾಗುತ್ತದೆ. ಆ ತಿನಿಸಿಗೂ ಗಿಣ್ಣು ಎಂದೇ ಹೆಸರು. ಹಾಗೆ ಗಟ್ಟಿಯಾಗಲು ಕಾರಣ ಆ ಹಾಲಿನಲ್ಲಿ ತುಂಬಿಕೊಂಡಿರುವ ಪ್ರೋಟೀನು, ಅದರಲ್ಲೂ ರೋಗನಿರೋಧಕ ಪ್ರೋಟೀನು. ವೈದ್ಯರು ‘ಕೊಲೊಸ್ಟ್ರಮ್’ ಎಂದು ಕರೆಯುವ ತಾಯಿಯ ಮೊದಲ ಹಾಲಿಗೂ ಕನ್ನಡದಲ್ಲಿ ಗಿಣ್ಣು ಹಾಲು ಎಂಬ ಮಾತೇ ಬಳಕೆಗೆ ಬಂದಿದೆ. ಇದು ಕೊಟ್ಟಿಗೆಯ ಪದವೆಂದು ಯಾರೂ ಸಂಕೋಚಪಡಬೇಕಿಲ್ಲ. ಸಂಸ್ಕೃತದ ‘ಪೀಯೂಷ’ ಎಂಬ ಪದಕ್ಕೂ ಈದ ಹಸುವಿನ ಹೊಸ ಹಾಲು ಮತ್ತು ಅಮೃತ ಎಂಬ ಎರಡೂ ಅರ್ಥಗಳಿವೆ.

ಆದರೆ ಈ ಪದದಿಂದ ಒಂದು ತಪ್ಪು ತಿಳಿವಳಿಕೆ ಹುಟ್ಟುವುದುಂಟು. ಕರು ಹುಟ್ಟಿದ ಮೇಲೆ ನಾವು ಗಿಣ್ಣನ್ನು ಕಾಣುವುದರಿಂದ, ಹೆಂಗಸರಲ್ಲಿಯೂ ಅದು ಹೆರಿಗೆಯ ನಂತರವೇ ಉಂಟಾಗುತ್ತದೆ ಎಂದು ಭಾವಿಸುತ್ತೇವೆ. ವಾಸ್ತವದಲ್ಲಿ ಅದರ ತಯಾರಿ ಬಸಿರಿನ ಮೊದಲ ವಾರಗಳಲ್ಲೇ ಶುರುವಾಗಿರುತ್ತದೆ. ಮುಟ್ಟು ನಿಂತ ಕೆಲವೇ ದಿನಗಳಲ್ಲಿ ಎದೆ ಭಾರವೆನಿಸಿ, ರವಿಕೆ ತಾಗಿದರೂ ನೋಯುವುದು ಅನೇಕರಿಗೆ ಬಸಿರಿನ ಮೊದಲ ಸೂಚನೆ. ಈಸ್ಟ್ರೋಜೆನ್ ಎಂಬ ಹಾರ್ಮೋನು ಹಾಲಿನ ನಾಳಗಳನ್ನು ಕವಲೊಡೆಸುತ್ತದೆ, ಪ್ರೊಜೆಸ್ಟರೋನ್ ಎಂಬ ಇನ್ನೊಂದು ಹಾರ್ಮೋನು ಹಾಲು ತಯಾರಿಸುವ ಕಿರುಚೀಲಗಳ ಗೊಂಚಲನ್ನು ಬೆಳೆಸುತ್ತದೆ. ರಕ್ತದ ಹರಿವು ಹೆಚ್ಚಿ, ಚರ್ಮದಡಿ ನೀಲಿ ನರಗಳು ಎದ್ದು ಕಾಣುತ್ತವೆ. ಮೊಲೆತೊಟ್ಟಿನ ಸುತ್ತಲಿನ ವೃತ್ತ ಅಗಲವಾಗಿ ಕಪ್ಪೇರುತ್ತದೆ ಮತ್ತು ಅದರ ಮೇಲೆ ಸಣ್ಣ ಗುಳ್ಳೆಗಳಂಥ ಉಬ್ಬುಗಳು ಮೂಡುತ್ತವೆ. ಇವು 19ನೆಯ ಶತಮಾನದ ಐರಿಷ್ ಪ್ರಸೂತಿ ವೈದ್ಯ ಮಾಂಟ್ಗೊಮೆರಿಯ ಹೆಸರಿನಲ್ಲಿ ಕರೆಯಲ್ಪಡುವ ಗ್ರಂಥಿಗಳು. ಇವು ಒಸರುವ ಜಿಡ್ಡು ತೊಟ್ಟನ್ನು ಒಣಗದಂತೆ ಕಾಯುತ್ತದೆ. ಆದ್ದರಿಂದ ಈ ಗುಳ್ಳೆಗಳನ್ನು ಚಿವುಟಬಾರದು, ತೊಟ್ಟನ್ನು ಸೋಪು ಹಚ್ಚಿ ಉಜ್ಜಿ ತೊಳೆಯುವ ಅಗತ್ಯವೂ ಇಲ್ಲ.

ಸುಮಾರು ನಾಲ್ಕು ತಿಂಗಳು ತುಂಬುವ ಹೊತ್ತಿಗೆ, ಎಂದರೆ 16ನೆಯ ವಾರದ ಆಸುಪಾಸಿನಲ್ಲಿ, ಆ ಕಿರುಚೀಲಗಳು ಗಿಣ್ಣು ಹಾಲನ್ನು ತಯಾರಿಸುವ ಶಕ್ತಿಯನ್ನು ಪಡೆಯುತ್ತವೆ. ಹಾಲು ಉತ್ಪಾದಿಸಲು ಪ್ರೇರೇಪಿಸುವ ಪ್ರೊಲ್ಯಾಕ್ಟಿನ್ ರಕ್ತದಲ್ಲಿ ಏರುತ್ತಲೇ ಇದ್ದರೂ, ಮಾಸು ಸ್ರವಿಸುವ ಪ್ರೊಜೆಸ್ಟರೋನ್ ಅದನ್ನು ತಡೆದು ಹಿಡಿದಿರುತ್ತದೆ. ಹೆರಿಗೆಯಾಗಿ ಮಾಸು ಹೊರಬಿದ್ದೊಡನೆ ಆ ತಡೆ ಕಳಚುತ್ತದೆ, ಹಾಗಾಗಿ ಎರಡು ಮೂರು ದಿನಗಳಲ್ಲಿ ಹಾಲು ಧಾರಾಳವಾಗಿ ಇಳಿಯುತ್ತದೆ. ‘ಬಾಣಂತಿಗೆ ಇನ್ನೂ ಹಾಲು ಬಂದಿಲ್ಲ’ ಎಂದು ಮನೆಯವರು ಕಂಗಾಲಾಗುವುದು ಈ ನಡುವಿನ ದಿನಗಳಲ್ಲೇ. ಆದರೆ ಗಿಣ್ಣು ಆಗ ಎದೆಯಲ್ಲಿ ಇದ್ದೇ ಇರುತ್ತದೆ. ಮೊದಲ ದಿನ ಅದರ ಪ್ರಮಾಣ ಒಟ್ಟು ಕೆಲವೇ ಚಮಚಗಳಷ್ಟಾದರೂ, ಒಂದು ಸಲಕ್ಕೆ ಒಂದು ಚಮಚೆಯಷ್ಟು ಕುಡಿದರೆ ಸಾಕಾಗುವ ಪುಟ್ಟ ಹೊಟ್ಟೆಗೆ ಅದು ಕಡಿಮೆಯಲ್ಲ.

ಕೆಲವು ಬಸುರಿಯರಿಗೆ ಕೊನೆಯ ತಿಂಗಳುಗಳಲ್ಲಿ, ಅಪರೂಪಕ್ಕೆ ಅದಕ್ಕೂ ಮೊದಲು, ರವಿಕೆಯ ಮೇಲೆ ಹಳದಿ ಕಲೆ ಕಾಣಿಸುತ್ತದೆ. ಇದು ಸಹಜ. ಒಂದು ಹನಿಯೂ ಸೋರದಿರುವುದು ಕೂಡ ಅಷ್ಟೇ ಸಹಜ. ಸೋರುವುದಕ್ಕೂ ಮುಂದೆ ಹಾಲು ಹೆಚ್ಚು ಕಡಿಮೆಯಾಗುವುದಕ್ಕೂ ಸಂಬಂಧವಿಲ್ಲ ಎಂಬುದನ್ನು ಚೊಚ್ಚಲ ಬಸುರಿಯರಿಗೆ ಒತ್ತಿ ಹೇಳಬೇಕೆನಿಸುತ್ತದೆ. ಹತ್ತಿಯ ಮೆತ್ತನೆಯ ಬಟ್ಟೆಯನ್ನು ಮಡಿಸಿ ಇಟ್ಟುಕೊಂಡು ಒದ್ದೆಯಾದಾಗ ಬದಲಿಸಿದರೆ ಸಾಕು, ವಿಶೇಷವಾಗಿ ಕಾರವಾರ, ಕುಮಟಾದಂಥ ಕರಾವಳಿಯ ಬೆವರಿನ ಹವೆಯಲ್ಲಿ. ಹಾಲಿದೆಯೋ ಇಲ್ಲವೋ ಎಂದು ಹಿಂಡಿ ನೋಡುವುದು ಬೇಡ: ತೊಟ್ಟನ್ನು ಉದ್ರೇಕಿಸಿದಾಗ ಬಿಡುಗಡೆಯಾಗುವ ಆಕ್ಸಿಟೋಸಿನ್ ಗರ್ಭಕೋಶವನ್ನು ಸಂಕುಚಿಸುತ್ತದೆ, ಅವಧಿಗೆ ಮೊದಲೇ ಹೆರಿಗೆಯಾಗುವ ಅಪಾಯವಿರುವವರು ಇದರಿಂದ ದೂರವಿರಬೇಕು. ಒಸರುವ ದ್ರವದಲ್ಲಿ ರಕ್ತ ಕಂಡರೆ, ಗಂಟು ಕೈಗೆ ಸಿಕ್ಕರೆ, ಎದೆ ಕೆಂಪಾಗಿ ಜ್ವರ ಬಂದರೆ, ತಾಯಿ ಕಾರ್ಡ್ ಹಿಡಿದುಕೊಂಡು ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ವೈದ್ಯರಲ್ಲಿಗೆ ಹೋಗಬೇಕು.

ಗಿಣ್ಣಿನ ಹಳದಿಗೆ ಕಾರಣ ಬೀಟಾ ಕೆರೋಟಿನ್. ಆ ಬಣ್ಣವನ್ನೂ ಅಂಟನ್ನೂ ಕಂಡು ಅದನ್ನು ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲುವ, ಮಗುವಿಗೆ ಬದಲಿಗೆ ಜೇನುತುಪ್ಪವನ್ನೋ ಸಕ್ಕರೆ ನೀರನ್ನೋ ನೆಕ್ಕಿಸುವ ರೂಢಿ ಹಿಂದೆ ಬಹಳ ಕಡೆ ಇತ್ತು. ಈಗಲೂ ಅಲ್ಲಲ್ಲಿ ಉಳಿದಿರುವುದು ನೋವಿನ ಸಂಗತಿ. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರದು, ಅದರಿಂದ ಬಾಟುಲಿಸಮ್ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಕರುವಿಗೆ ಬಸಿರಿನಲ್ಲಿ ತಾಯಿಯಿಂದ ರೋಗನಿರೋಧಕ ಅಂಶಗಳು ದಾಟಿ ಬರುವುದಿಲ್ಲವಾದ್ದರಿಂದ ಅದು ಗಿಣ್ಣನ್ನೇ ನಂಬಿರುತ್ತದೆ. ಅದಕ್ಕೇ ಹೈನುಗಾರಿಕೆಯ ಮನೆಯವರು ಮೊದಲು ಕರುವಿಗೆ ಕುಡಿಸುತ್ತಾರೆ. ಮನುಷ್ಯರ ಕೂಸಿಗೆ ಮಾಸಿನ ಮೂಲಕ ಒಂದಿಷ್ಟು ರಕ್ಷಣೆ ಮೊದಲೇ ದೊರೆತಿರುತ್ತದೆ. ಆದರೂ ಕರುಳಿನ ಒಳಗೋಡೆಯನ್ನು ಸೋಂಕಿನಿಂದ ಕಾಯುವ ಐಜಿಎ, ಲ್ಯಾಕ್ಟೋಫೆರಿನ್ ಎಂಬ ಪ್ರೋಟೀನುಗಳು, ಬಿಳಿ ರಕ್ತಕಣಗಳು ಅದಕ್ಕೆ ಸಿಗುವುದು ಗಿಣ್ಣಿನಿಂದಲೇ.

ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಾಕಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕಾಗಿ. ಗಿಣ್ಣು ಕುಡಿದ ಮಗು ಮೊದಲ ದಿನಗಳ ಕಪ್ಪು ಅಂಟು ಮಲವನ್ನು ಬೇಗ ಹೊರಹಾಕುತ್ತದೆ, ಅದರೊಂದಿಗೆ ಕಾಮಾಲೆಗೆ ಕಾರಣವಾಗುವ ಬಿಲಿರುಬಿನ್ ಕೂಡ ಹೊರಹೋಗುತ್ತದೆ. ಆಮೇಲೆ ಹಾಲಿನ ಹಳದಿ ದಿನೇ ದಿನೇ ತಿಳಿಯಾಗುತ್ತಾ, ಸುಮಾರು ಎರಡು ವಾರಗಳಲ್ಲಿ ಗಿಣ್ಣು ಹೋಗಿ ಬಿಳಿಯ ಹಾಲು ಉಳಿಯುತ್ತದೆ.