72 ಗಂಟೆ, 3 ತಿಂಗಳು: ಪೀರ್ ಎಜುಕೇಟರ್‌ಗೆ ಬಾಯಿಪಾಠ ಇರಬೇಕಾದ ಲೆಕ್ಕ

ಎಚ್‌ಐವಿ ಬಗ್ಗೆ ಅರಿವು ಮೂಡಿಸುವ ಕಾಲೇಜುಗಳ ರೆಡ್ ರಿಬ್ಬನ್ ಕ್ಲಬ್ ಎಂದರೆ ಬಹಳ ಜನಕ್ಕೆ ನೆನಪಾಗುವುದು ಡಿಸೆಂಬರ್ 1ರ ಏಡ್ಸ್ ದಿನದ ಜಾಥಾ. ಆದರೆ ಕ್ಲಬ್‌ನಲ್ಲಿ ತರಬೇತಿ ಪಡೆದ ವಿದ್ಯಾರ್ಥಿಗಳ, ಅಂದರೆ ಪೀರ್ ಎಜುಕೇಟರ್‌ಗಳ, ನಿಜವಾದ ಕೆಲಸ ಇರುವುದು ಉಳಿದ ದಿನಗಳಲ್ಲಿ. ಮನೆಯಲ್ಲಿ, ಮೇಷ್ಟ್ರ ಹತ್ತಿರ ಕೇಳಲಾಗದ್ದನ್ನು ಹುಡುಗ ಹುಡುಗಿಯರು ಓರಗೆಯವರ ಹತ್ತಿರ ಕೇಳುತ್ತಾರೆ. ಓರಗೆಯವರು ಕೊಟ್ಟ ತಪ್ಪು ಉತ್ತರವೂ ಅಷ್ಟೇ ಬೇಗ ಹಾಸ್ಟೆಲ್ ತುಂಬಾ ಹರಡುತ್ತದೆ.

ಪ್ರಶ್ನೆ ಪೆಟ್ಟಿಗೆಯನ್ನು ಕಾರಿಡಾರ್‌ನಲ್ಲಿ ಇಟ್ಟರೆ ಅದು ಖಾಲಿಯೇ ಉಳಿಯುತ್ತದೆ. ಚೀಟಿ ಹಾಕುವವರನ್ನು ಎಲ್ಲರೂ ನೋಡುತ್ತಾರಲ್ಲ! ಅದರ ಬದಲು ತರಗತಿಯಲ್ಲಿ ಎಲ್ಲರಿಗೂ ಒಂದೇ ಅಳತೆಯ ಚೀಟಿ ಕೊಡಬೇಕು. ಪ್ರಶ್ನೆ ಇಲ್ಲದವರು ‘ಪ್ರಶ್ನೆ ಇಲ್ಲ’ ಎಂದಾದರೂ ಬರೆದು ಹಾಕಬೇಕು. ಆಗ ಯಾರು ಏನು ಬರೆದರೆಂದು ತಿಳಿಯುವುದಿಲ್ಲ. ಚೀಟಿಗಳನ್ನು ಅಲ್ಲೇ ಬಿಚ್ಚಿ ಓದದೆ, ಆಪ್ತಸಮಾಲೋಚಕರ ಜೊತೆ ಕೂತು ಉತ್ತರ ಸಿದ್ಧ ಮಾಡಿಕೊಂಡು ಮುಂದಿನ ತರಗತಿಗೆ ತರುವುದು ಒಳ್ಳೆಯದು.

ಸೊಳ್ಳೆ ಕಚ್ಚಿದರೆ ಎಚ್‌ಐವಿ ಹರಡುತ್ತದೆಯೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ‘ಹರಡುವುದಿಲ್ಲ’ ಎಂದಷ್ಟೇ ಹೇಳಿದರೆ ಅನುಮಾನ ಹೋಗುವುದಿಲ್ಲ, ಕಾರಣವನ್ನೂ ಹೇಳಬೇಕು. ಡೆಂಗಿ ವೈರಸ್ ಸೊಳ್ಳೆಯ ದೇಹದಲ್ಲಿ ಬೆಳೆದು ಅದರ ಜೊಲ್ಲಿಗೆ ಸೇರುತ್ತದೆ. ಎಚ್‌ಐವಿಗೆ ಬೆಳೆಯಲು ಮನುಷ್ಯನ ಸಿಡಿ4 ಎಂಬ ಬಿಳಿ ರಕ್ತಕಣಗಳು ಬೇಕು. ಸೊಳ್ಳೆಯ ಹೊಟ್ಟೆಗೆ ಹೋದ ವೈರಸ್ ಅಲ್ಲೇ ಜೀರ್ಣವಾಗಿಬಿಡುತ್ತದೆ.

ಹೆಚ್ಚು ಅಪಾಯ ತರುವ ಗೊಂದಲ ಮಾತ್ರೆಗಳದ್ದು. ಅಸುರಕ್ಷಿತ ಸಂಪರ್ಕ ಆದ ಮೇಲೆ ಮೆಡಿಕಲ್ ಶಾಪ್‌ನಿಂದ ತುರ್ತು ಗರ್ಭನಿರೋಧಕ ಮಾತ್ರೆ ತಂದು ನುಂಗಿ, ಎಲ್ಲವೂ ಬಗೆಹರಿಯಿತು ಎಂದುಕೊಳ್ಳುವವರಿದ್ದಾರೆ. 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಇರುವ ಆ ಮಾತ್ರೆ ಗರ್ಭ ಕಟ್ಟುವ ಸಂಭವವನ್ನು ಕಡಿಮೆ ಮಾಡುತ್ತದೆ, ಸೋಂಕನ್ನು ತಡೆಯುವುದಿಲ್ಲ. ಎಚ್‌ಐವಿ ಸೋಂಕು ತಡೆಯಲು ಕೊಡುವ ಔಷಧಿ ಪೆಪ್. ಅದನ್ನು ಸಾಧ್ಯವಾದಷ್ಟು ಬೇಗ, ತಡವೆಂದರೆ 72 ಗಂಟೆಯೊಳಗೆ ಶುರುಮಾಡಿ 28 ದಿನ ಬಿಡದೆ ನುಂಗಬೇಕು. ಎರಡಕ್ಕೂ 72 ಗಂಟೆ ಎಂಬ ಮಾತು ಕೇಳಿಬರುವುದರಿಂದಲೇ ಒಂದನ್ನು ಇನ್ನೊಂದೆಂದು ತಿಳಿಯುತ್ತಾರೆ. ಪೆಪ್ ಬೇಕೋ ಬೇಡವೋ ಎಂದು ತೀರ್ಮಾನಿಸುವವರು ವೈದ್ಯರು. ಪೀರ್ ಎಜುಕೇಟರ್ ಮಾಡಬೇಕಾದ್ದು ಗೆಳೆಯನನ್ನು ಅವತ್ತೇ ಎಚ್‌ಐವಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರಕ್ಕೋ ಜಿಲ್ಲಾಸ್ಪತ್ರೆಗೋ ಹೊರಡಿಸುವುದು. ಸೋಮವಾರ ನೋಡೋಣ ಎಂದರೆ ಹೊತ್ತು ಮೀರಿರುತ್ತದೆ. ದಾರಿ ತೋಚದಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿದರಾಯಿತು, ಕರೆಗೆ ದುಡ್ಡಿಲ್ಲ.

ಇನ್ನೊಂದು ಲೆಕ್ಕ ಗವಾಕ್ಷಿ ಅವಧಿಯದು. ವೈರಸ್ ಮೈಗೆ ಸೇರಿದ ಕೂಡಲೇ ರಕ್ತದಲ್ಲಿ ಪ್ರತಿಕಾಯ ಹುಟ್ಟುವುದಿಲ್ಲ, ರ್‍ಯಾಪಿಡ್ ಟೆಸ್ಟ್ ಹುಡುಕುವುದು ಆ ಪ್ರತಿಕಾಯವನ್ನು. ಮಾರನೆ ದಿನ ಪರೀಕ್ಷೆ ಮಾಡಿಸಿ ನೆಗೆಟಿವ್ ಬಂದರೆ ಆ ಘಟನೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. 3 ತಿಂಗಳು ಕಳೆದ ಮೇಲೆ ಮತ್ತೆ ಮಾಡಿಸಬೇಕು. ಪಾಸಿಟಿವ್ ಎಂದು ತೋರಿದರೂ ಒಂದೇ ಕಿಟ್ ನಂಬಿ ವರದಿ ಕೊಡುವುದಿಲ್ಲ. ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷೆಯ ಸರ್ಕಾರಿ ಕೇಂದ್ರದಲ್ಲಿ, ಮೂರು ಬೇರೆ ಬೇರೆ ಪರೀಕ್ಷೆ ಮಾಡಿಯೇ ಖಚಿತಪಡಿಸುತ್ತಾರೆ.

ಕಾಂಡೋಮ್ ಪ್ರಾತ್ಯಕ್ಷಿಕೆಯಲ್ಲಿ ನಗು ಎದ್ದರೆ ಏಳಲಿ, ನಿಲ್ಲಿಸಬಾರದು. ಪೊಟ್ಟಣದ ಮೇಲಿನ ದಿನಾಂಕ ನೋಡಿ, ಒತ್ತಿದಾಗ ಒಳಗೆ ಗಾಳಿ ಇದೆಯೇ ಎಂದು ಪರೀಕ್ಷಿಸಿ, ಅಂಚಿನಿಂದ ಕೈಯಲ್ಲೇ ಹರಿಯಬೇಕು. ಹಲ್ಲು, ಕತ್ತರಿ ಬೇಡ. ತುದಿಯನ್ನು ಎರಡು ಬೆರಳಲ್ಲಿ ಹಿಸುಕಿ ಗಾಳಿ ಹೊರಹಾಕಿ, ಆಮೇಲೆ ಬುಡದವರೆಗೆ ಬಿಡಿಸಬೇಕು. ಕಾಂಡೋಮ್ ಹರಿಯುವುದಕ್ಕೆ ದೊಡ್ಡ ಕಾರಣಗಳಲ್ಲಿ ಒಂದು ಆ ಗಾಳಿ, ಇನ್ನೊಂದು ಎಣ್ಣೆ. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚಿದರೆ ಕೆಲವೇ ನಿಮಿಷಗಳಲ್ಲಿ ಲೇಟೆಕ್ಸ್ ಸಡಿಲವಾಗುತ್ತದೆ. ಎಣ್ಣೆಯಿಲ್ಲದ, ನೀರಿನಿಂದ ಮಾಡಿದ ಜೆಲ್ ಆದರೆ ತೊಂದರೆಯಿಲ್ಲ. ತಿಂಗಳುಗಟ್ಟಲೆ ಪರ್ಸಿನಲ್ಲಿಟ್ಟಿದ್ದು ಬಿಸಿಗೆ, ಒತ್ತಡಕ್ಕೆ ಹಾಳಾಗಿರುತ್ತದೆ. ಉರಿ ಮೂತ್ರ, ಹುಣ್ಣು, ಅಸಹಜ ಸ್ರಾವ ಇದ್ದವರನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಲೈಂಗಿಕ ಸೋಂಕುಗಳನ್ನು ನೋಡುವ ಸುರಕ್ಷಾ ಕ್ಲಿನಿಕ್‌ಗೆ ಕಳಿಸಬೇಕು. ಜನನಾಂಗದ ಹುಣ್ಣಿದ್ದರೆ ಎಚ್‌ಐವಿ ಅಂಟುವುದೂ ಸುಲಭ.

ಇಷ್ಟೆಲ್ಲ ಗೊತ್ತಿದ್ದೂ ಗುಟ್ಟು ಉಳಿಸಿಕೊಳ್ಳಲಾರದವರು ಈ ಕೆಲಸಕ್ಕೆ ಬರಬಾರದು. ಒಬ್ಬರ ಮಾತು ವಾಟ್ಸ್‌ಆ್ಯಪ್ ಗುಂಪಿಗೆ ಹೋದರೆ ಆ ಕಾಲೇಜಿನಲ್ಲಿ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ಬಲವಂತ, ದೌರ್ಜನ್ಯದ ಮಾತು ಬಂದಾಗ ಮಾತ್ರ ಅದನ್ನು ಒಬ್ಬರೇ ಹೊತ್ತುಕೊಂಡು ಕೂರಬಾರದು. ಆಪ್ತಸಮಾಲೋಚಕರ ನೆರವನ್ನು ತಕ್ಷಣ ಕೊಡಿಸಬೇಕು. 18 ತುಂಬದವರ ವಿಷಯವಾದರೆ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕಾಗುತ್ತದೆ.

ಸೋಂಕು ಖಚಿತವಾದ ವಿದ್ಯಾರ್ಥಿಗೆ ಮೊದಲು ಬೇಕಾದ್ದು ಮುಂದಿನ ದಾರಿಯ ವಿವರ. ಎಆರ್‌ಟಿ ಔಷಧಿ ಸರ್ಕಾರಿ ಕೇಂದ್ರಗಳಲ್ಲಿ 2004ರಿಂದ ಉಚಿತ. ದಿನವೂ ತಪ್ಪದೆ ನುಂಗಿ ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಸೋಂಕಿನ ಕಾರಣಕ್ಕೆ ಯಾವ ಕಾಲೇಜೂ ಸೀಟು ನಿರಾಕರಿಸುವಂತಿಲ್ಲ, ಪ್ರವೇಶಕ್ಕೆ ಎಚ್‌ಐವಿ ಪರೀಕ್ಷೆಯ ಷರತ್ತು ಹಾಕುವಂತೆಯೂ ಇಲ್ಲ.